ಕಮಲಾಕ್ಷಮ್ಮನ ಎಡಗೈ ಕ್ಯಾಮೆರಾ

ಆಯಮ್ಮನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಆಯಮ್ಮನಿಗೆ ಹಾರ ಬೇಡ ಅಂದ ದಿನ.

ಮಧುಗಿರಿಯಲ್ಲಿ ಕೋಟೆ ಬಾಗಿಲಿಗೆ ಹೋಗುವ ರಸ್ತೆಯ ಪಕ್ಕ ನಾನು ಹೂವು ಕಟ್ಟುತ್ತೇನೆ. ಗಂಡ ಹೋದ ಮೇಲೆ ಹಿಡಿದ ಕಸುಬು. ಅವತ್ತು ಬೆಳಿಗ್ಗೆ ಸೇವಂತಿಗೆ ರಾಶಿ ಹಾಕಿಕೊಂಡು ಕೂತಿದ್ದಾಗ ಚನ್ನಮಲ್ಲಯ್ಯ ಬಂದ. ಸತ್ತವರನ್ನು ಬಹುವಚನದಲ್ಲಿ ಕರೆಯಬೇಕಂತೆ. ಈ ಒಬ್ಬನ ವಿಷಯದಲ್ಲಿ ನನ್ನ ಕೈ ಹಾಗೆ ಬರೆಯಲು ಒಪ್ಪುವುದಿಲ್ಲ. ಓದುವವರೇ ಹೊಂದಿಕೊಳ್ಳಬೇಕು.

ಕಡಲೆಕಾಯಿ ಮಂಡಿಯ ಸಾಹುಕಾರ ಅವನು, ಹಣೆ ತುಂಬ ವಿಭೂತಿ. ತಮ್ಮ ಗೌರೀಶ ತೀರಿಕೊಂಡ, ಹಾರ ಬೇಕು ಅಂದ. "ನಂದೊಂದು, ನಮ್ಮನೆಯೋಳದೊಂದು, ನನ್ನ ಮಗಂದೊಂದು, ತಮ್ಮನ ಮಗಳದೊಂದು. ದಪ್ಪಕ್ಕಿರ್ಲಿ, ಫೋಟೋದಾಗೆ ಕಾಣ್ಬೇಕು."

"ಅವರ ಮನೆಯಮ್ಮಂದು?" ಅಂದೆ.

"ಕಮಲಾಕ್ಷಿದಾ? ಬ್ಯಾಡ. ಅವಳಿಗೆ ಲಕ್ವ ಹೊಡ್ದು ಬಲಗೈ ಬಿದ್ದೋಗೈತೆ. ಎಡಗೈಯಾಗೆ ಹಾರ ಹಾಕಿಸ್ಕೊಂಡು ನನ್ನ ತಮ್ಮ ಶಿವನ ಹತ್ರ ಹೋಗ್ಬೇಕಾ? ನೀನು ಹೂವು ಕಟ್ಟು ಪುಟ್ಟಕ್ಕ, ಯಾರ್ಗೆ ಹಾರ ಅನ್ನೋದು ನಂಗೆ ಬುಡು."

ನಾನು ಕಟ್ಟಿದೆ. ಆದರೆ ಹಾರ ಒಯ್ಯಲು ಯಾರೂ ಬರಲಿಲ್ಲವೆಂದು ನಾನೇ ಮಂಕರಿ ಹೊತ್ತುಕೊಂಡು ಹೋದೆ. ನಿಜ ಹೇಳಬೇಕೆಂದರೆ ಆ ಹೆಂಗಸನ್ನು ನೋಡಬೇಕು ಅನ್ನಿಸಿತ್ತು.

ನಮ್ಮ ಪೈಕಿಯಲ್ಲಿ ಸತ್ತವರನ್ನು ಮಲಗಿಸುತ್ತೇವೆ. ಶಿವಾಚಾರದ ಅವರ ಮನೆಗಳಲ್ಲಿ ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ಮೈಗೆಲ್ಲ ವಿಭೂತಿ ಹಚ್ಚಿ, ಎಡ ಅಂಗೈಯ ಮೇಲೆ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಮಾಡುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ. ಆ ಫೋಟೋ ದೊಡ್ಡದಾಗಿ ಪಡಸಾಲೆಯ ಗೋಡೆಗೆ ಹೋಗುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಅದೇ ಸಾಕ್ಷಿ, ಯಾರು ಯಾರಿಗೆ ಏನಾಗಬೇಕು ಅನ್ನುವುದಕ್ಕೆ. ಗಂಡನ ಎಡಗಡೆ ಹೆಂಡತಿಯ ಜಾಗ.

ನಾನು ಹೋದಾಗ ಆ ಜಾಗದಲ್ಲಿ ಚನ್ನಮಲ್ಲಯ್ಯ ಕೂತಿದ್ದ. ಅವನ ಬೆನ್ನಿಗೆ ಅವನ ಹೆಂಡತಿ ಪುಷ್ಪಾವತಿ, ಮಗ ಪ್ರಸನ್ನ ಕುಮಾರ್. ಬಸ್‌ಸ್ಟ್ಯಾಂಡಿನ ಸ್ಟುಡಿಯೋದವನು ಕ್ಯಾಮೆರಾ ಹಿಡಿದು ನಿಂತಿದ್ದ. ಒಳಕೋಣೆಯಿಂದ ಒಬ್ಬ ಹೆಂಗಸು ಕಾಲೆಳೆಯುತ್ತ ಬಂದಳು. ಬಲಗೈ ಸೆರಗಿನೊಳಗೆ ಒಣಗಿದ ಪಡವಲಕಾಯಿಯ ಹಾಗೆ ಜೋತುಬಿದ್ದಿತ್ತು.

"ಭಾವನೋರೆ, ಸ್ವಲ್ಪ ಅತ್ಲಾಗೆ ಸರೀರಿ" ಅಂದಳು.

"ಒಳಗೋಗಮ್ಮ. ಎಡಗೈಯೋರು ಇಲ್ಲಿ ಮುಟ್ಟಂಗಿಲ್ಲ."

"ಅವರ ಲಿಂಗ ಯಾವ ಕೈ ಮ್ಯಾಲೈತೆ, ಕಣ್ಬುಟ್ಟು ನೋಡ್ರಿ. ಶಿವಂಗೆ ಆಗೋ ಕೈ ನಿಮಗಾಗಲ್ವಾ?"

ಕೂತವರಲ್ಲಿ ಒಬ್ಬರೋ ಇಬ್ಬರೋ ತಲೆ ತಗ್ಗಿಸಿದರು. ಚನ್ನಮಲ್ಲಯ್ಯ ಆ ಕಡೆ ತಿರುಗಿಯೂ ನೋಡಲಿಲ್ಲ. ಸ್ಟುಡಿಯೋದವನಿಗೆ, "ಹೊಡಿಯಪ್ಪ, ಹೊತ್ತಾಯ್ತು" ಅಂದ. ದೀಪ ಮಿಂಚಿತು. ಮಗಳು ಚೈತ್ರ ಕೊರಟಗೆರೆಯಿಂದ ಆಗಷ್ಟೇ ಬಂದು ಅಪ್ಪನ ಕಾಲ ಹತ್ತಿರ ಬಿದ್ದು ಅಳುತ್ತಿದ್ದಳು, ಅವಳಿಗೆ ಯಾವುದೂ ತಿಳಿಯಲಿಲ್ಲ. ಕಮಲಾಕ್ಷಮ್ಮ ಬಾಗಿಲವಾಡ ಹಿಡಿದು ನಿಂತೇ ಇದ್ದಳು. ಅಳಲಿಲ್ಲ. ಅಳುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಳದೆ ನಿಂತ ಆ ಮುಖಕ್ಕೆ ನನಗೇ ಭಯವಾಯಿತು.

ಸಮಾಧಿಗೆ ಹೂವು ಒಯ್ಯಲು ಆಯಮ್ಮ ನನ್ನ ಹತ್ತಿರ ಬರತೊಡಗಿದ್ದು ಆಮೇಲೆ. ಹೂವು ತೆಗೆದುಕೊಳ್ಳುತ್ತಿದ್ದಳು, ಕೂರುತ್ತಿದ್ದಳು, ಬೈಯುತ್ತಿದ್ದಳು. ಪಾವಗಡದ ಕಡೆ ನಾಗಲಮಡಿಕೆಯಲ್ಲಿ ಹುಟ್ಟಿದವಳು, ಸಿಟ್ಟು ಏರಿದರೆ ತೆಲುಗು ಬರುತ್ತಿತ್ತು. ಸೇಡು ಆಕೆಗೆ ಹುಟ್ಟುಗುಣ. ಚಿಕ್ಕವಳಿದ್ದಾಗ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಹುಡುಗಿ ಇವಳ ಹೊಸ ಲಂಗ ಹರಿದಳಂತೆ. ಇವಳು ಏನೂ ಅನ್ನಲಿಲ್ಲವಂತೆ. ಆ ಹುಡುಗಿ ದೊಡ್ಡವಳಾಗಿ, ಗಂಡಿನ ಕಡೆಯವರು ನೋಡಲು ಬಂದು ಉಪ್ಪಿಟ್ಟು ತಿನ್ನುತ್ತಿರುವಾಗ, ಹಿತ್ತಲಿನ ಎಮ್ಮೆಯ ಹಗ್ಗ ಬಿಚ್ಚಿ ನಡುಮನೆಯೊಳಕ್ಕೆ ಬಿಟ್ಟಳಂತೆ.

"ಅಷ್ಟು ವರ್ಷ ಮನಸ್ನಾಗೆ ಇಟ್ಕೊಂಡಿದ್ರಾ?" ಅಂದೆ.

"ಇಟ್ಕೊಳ್ದೆ? ಸೇಡೂ ಉಪ್ಪಿನಕಾಯೂ ಒಂದೇ ಕಣೆ ಪುಟ್ಟಕ್ಕ. ಒದ್ದೆ ಕೈ ಹಾಕ್ದಂಗೆ ನೋಡ್ಕೊಂಡ್ರೆ ಕೆಡಲ್ಲ."

ಆಮೇಲೆ ಧ್ವನಿ ಇಳಿಸಿ ಹೇಳಿದಳು. "ಭಾವಂಗೂ ಕೂರೋ ದಿನ ಬರ್ತದೆ. ಆವತ್ತು ಫೋಟೋ ಹೊಡಿಯೋಳು ನಾನು. ಅವನ ಹೆಂಡ್ತೀನ ಪಕ್ಕಕ್ಕೆ ಬುಡಲ್ಲ. ನನ್ನಂಗೆ ಬಾಗ್ಲಾಗೆ ನಿಂತ್ಕಬೇಕು ಅವಳು."

ಬದುಕುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಆಸರೆ. ಆಕೆಗೆ ಇದು.

ಮಗಳಿಗೆ ಹೇಳಿದ್ದು ಮಾತ್ರ ಬೇರೆ. ಹೊತ್ತು ಹೋಗುವುದಿಲ್ಲ, ಒಂದು ಕ್ಯಾಮೆರಾ ಕೊಡಿಸು ಅಂದಳು. ಅಮ್ಮ ಗುಬ್ಬಚ್ಚಿ, ದಾಸವಾಳದ ಫೋಟೋ ಹೊಡೆದುಕೊಂಡು ಸಮಾಧಾನವಾಗಿರುತ್ತಾಳೆ ಅಂದುಕೊಂಡು ಚೈತ್ರ ಕಣ್ಣಲ್ಲಿ ನೀರು ತಂದುಕೊಂಡಳು. ಮೊದಲು ತನ್ನ ಹಳೆಯ ಮೊಬೈಲ್ ಕೊಟ್ಟಳು. ಅದು ಆಗಲಿಲ್ಲ. ಒಂದು ಕೈಯಲ್ಲಿ ಹಿಡಿದರೆ ಒತ್ತುವುದಕ್ಕೆ ಇನ್ನೊಂದು ಕೈ ಬೇಕು. ಹೆಬ್ಬೆರಳು ಚಾಚಿದರೆ ಮೊಬೈಲ್ ಜಾರಿ ಅಂಗಳಕ್ಕೆ. ಸವೆದ ಬೆರಳನ್ನು ಆ ಗಾಜು ಗುರುತಿಸುತ್ತಲೂ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದರೊಳಗೆ ಇದ್ದದ್ದೆಲ್ಲ ಆಕೆಯ ಕಾಲಿನ ಹೆಬ್ಬೆರಳು.

"ಇದನ್ನ ಮುಟ್ಟಿದ್ರೂ ಸುಮ್ನಿರ್ತದೆ, ಮುಟ್ಟದಿದ್ರೂ ಕಿರುಚ್ತದೆ. ನಂಗೆ ಒತ್ತಿದ್ರೆ ಕಟ್ ಅನ್ನೋ ಗುಂಡಿ ಬೇಕು" ಅಂದಳು.

ಅಂಥದ್ದು ಈಗ ಮಧುಗಿರಿಯಲ್ಲಿ ಯಾರೂ ಇಡುವುದಿಲ್ಲ. ಶಿರಾದಲ್ಲಿ ಹಳೆ ಮಸೀದಿಯ ಕಡೆ ಒಬ್ಬ ಸಾಹೇಬರ ಅಂಗಡಿಯಿದೆ, ಬಳಸಿದ ಡಿಜಿಟಲ್ ಕ್ಯಾಮೆರಾ ರಿಪೇರಿ ಮಾಡಿ ಮಾರುತ್ತಾರೆ ಅಂತ ಚೈತ್ರ ಪತ್ತೆ ಮಾಡಿದಳು. ಒಂದು ಭಾನುವಾರ ಮೂವರೂ ಬಸ್ಸು ಹತ್ತಿದೆವು. ನಾನು ಯಾಕೆಂದರೆ, ಆಯಮ್ಮನನ್ನು ಹತ್ತಿಸಿ ಇಳಿಸಲು ಎರಡೂ ಕಡೆ ಜನ ಬೇಕಿತ್ತು.

ಸಾಹೇಬರು ಗಡ್ಡ ನೀವುತ್ತ ಗಾಜಿನ ಪೆಟ್ಟಿಗೆ ತೆಗೆದರು. "ಆವೋ ಅಮ್ಮಾ, ಬೈಠೋ. ಯಾರಿಗೆ? ಮಗೂಗಾ?"

"ನಂಗೆ."

ಸೀರೆಯಂಗಡಿಯಲ್ಲಿ ಕೂತ ಹಾಗೆ ಕೂತಳು. ಒಂದೊಂದನ್ನೂ ಎಡಗೈಗೆ ಕೊಡಿಸಿಕೊಂಡು ತೂಗಿದಳು. ಒಂದು ಭಾರ, ರೊಟ್ಟಿ ಹೆಂಚಿನಷ್ಟು. ಒಂದಕ್ಕೆ ಮುಂದಿನ ಗಾಜಿನ ಮುಚ್ಚಳ ಬೇರೆ ಕೈಯಿಂದ ಕೀಳಬೇಕು. ಇನ್ನೊಂದರ ಮೂತಿಯನ್ನು ನಲ್ಲಿಯ ಹಾಗೆ ತಿರುಗಿಸಬೇಕು. ಮತ್ತೊಂದು ಹಗುರ, ಆದರೆ ಸಾಬೂನಿನ ಹಾಗೆ ನುಣುಪು. ಕಡೆಗೆ ಚೈತ್ರ ಒಂದನ್ನು ಆರಿಸಿದಳು. ಅಂಗೈಯಗಲ, ಹಿಡಿಯುವ ಕಡೆ ಉಬ್ಬು, ತರಿತರಿ. ಗುಂಡಿ ಒತ್ತಿದರೆ ಮೂತಿ ತಾನೇ ಆಮೆಯ ತಲೆಯ ಹಾಗೆ ಹೊರಗೆ ಬರುತ್ತಿತ್ತು. ಮಣಿಕಟ್ಟಿಗೆ ಸಿಗಿಸಿಕೊಳ್ಳಲು ದಾರ ಇತ್ತು, ಕೈ ಸೋತರೂ ನೆಲಕ್ಕೆ ಬೀಳುವ ಹಾಗಿಲ್ಲ.

ಎಲ್ಲ ಸರಿ. ಆದರೆ ಒತ್ತುವ ಗುಂಡಿ ಬಲಗಡೆ.

"ಎಡಗಡೆ ಇರೋದು ಕೊಡ್ರಿ" ಅಂದಳು ಕಮಲಾಕ್ಷಮ್ಮ.

ಸಾಹೇಬರು ನಕ್ಕರು. "ಅಮ್ಮಾ, ದುನಿಯಾದ ಎಲ್ಲಾ ಕ್ಯಾಮೆರಾದಾಗೂ ಬಟನ್ ಬಲಗಡೇನೇ."

"ದುನಿಯಾದಾಗೆ ಎಡಗೈಯೋರು ಇಲ್ವಾ?"

"ಅವ್ರ್ ಆರ್ಡರ್ ಕೊಟ್ಟಿಲ್ಲ ಅಮ್ಮಾ, ಕ್ಯಾ ಕರೂಂ."

ಚೈತ್ರ ಬೇರೆ ಬೇರೆ ಥರ ಹಿಡಿಸಿ ನೋಡಿದಳು. ಎಡಗೈಯ ಬೆರಳನ್ನು ಮೇಲಿಂದ ಚಾಚಿಸಿದಳು, ಬೆರಳು ಮುಟ್ಟಿತು, ಕ್ಯಾಮೆರಾ ಜಾರಿತು. "ಬುಡಮ್ಮ, ಆಗಲ್ಲ ಇದು. ಒಂದು ರೇಡಿಯೋ ತಗೊಂಡೋಗಣ" ಅಂದಳು. ರೇಡಿಯೋ ಅಂದದ್ದೇ ಆಯಮ್ಮನ ಮುಖ ಕೆಂಪಾಯಿತು. "ನನ್ನ ಭಾವನ ಮಾತು ನಿನ್ನ ಬಾಯಾಗೆ ಬರ್ತಿದೆಯಲ್ಲೇ! ಎಡಗೈಗೆ ಆಗಲ್ಲ, ಆಗಲ್ಲ!" ಅಂದು, ಸಿಟ್ಟಿಗೆ ಕ್ಯಾಮೆರಾವನ್ನು ರಪ್ಪಂತ ಬುಡಮೇಲು ತಿರುಗಿಸಿ ಹಿಡಿದಳು. ತಿರುಗಿಸಿದ್ದೇ, ಬಲಗಡೆ ಮೇಲಿದ್ದ ಗುಂಡಿ ಎಡಗಡೆ ಕೆಳಕ್ಕೆ ಬಂತು. ಸರಿಯಾಗಿ ಹೆಬ್ಬೆರಳಿಗೆ. ಒತ್ತಿದಳು. ಕಟ್ ಅಂತು.

ಹಿಂದಿನ ಪರದೆಯ ಮೇಲೆ ಸಾಹೇಬರು ಸೀದಾ ಕಾಣುತ್ತಿದ್ದರು. ಅಕ್ಷರಗಳು ಮಾತ್ರ ತಲೆಕೆಳಗು. "ಅದು ಇಂಗ್ಲಿಷು, ಹೆಂಗಿದ್ರೂ ನಂಗೆ ಒಂದೇ" ಅಂದಳು. ಸಾಹೇಬರು ಕ್ಯಾಮೆರಾ ಇಸಿದುಕೊಂಡು ನೆಟ್ಟಗೆ ಹಿಡಿದು ನೋಡಿದರೆ, ತಮ್ಮ ಗಡ್ಡ ಮೇಲೆ, ಟೋಪಿ ಕೆಳಗೆ, ಬಾವಲಿಯ ಹಾಗೆ ನೇತಾಡುತ್ತಿದ್ದಾರೆ. ಹೊಟ್ಟೆ ಹಿಡಿದು ನಕ್ಕರು. "ಉಲ್ಟಾ ಅಮ್ಮಾ! ಪರವಾಗಿಲ್ಲ, ಪ್ರಿಂಟ್ ಹಾಕೋವಾಗ ತಿರುಗಿಸಿದ್ರೆ ಸೀದಾ."

ಅದರಲ್ಲಿ ಕೆಂಪು ಬಣ್ಣದ್ದೂ ಇತ್ತು, ಕಪ್ಪೂ ಇತ್ತು. ಚೈತ್ರ ಕೆಂಪು ಚೆನ್ನಾಗಿದೆ ಅಂದಳು.

"ಸಾವಿನ ಮನೆಗೆ ಕೆಂಪು ಹಿಡ್ಕೊಂಡು ಹೋಗಕ್ಕಾಗ್ತದಾ? ಕಪ್ಪು ಕೊಡ್ರಿ."

"ಯಾರ ಸಾವಿನ ಮನೆಗಮ್ಮ?" ಚೈತ್ರ ಗಾಬರಿಯಾದಳು.

ಬಸ್ಸಿನಲ್ಲಿ ತಾಯಿ ಎಲ್ಲವನ್ನೂ ಹೇಳಿದಳು. ಮಗಳು ಮಧುಗಿರಿ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇಳಿಯುವಾಗ ಒಂದೇ ಮಾತು ಅಂದಳು, "ದೊಡ್ಡಪ್ಪ ಇನ್ನೂ ಬದುಕವ್ರೆ ಅಮ್ಮ."

"ಅದಕ್ಕೇ ಕಣೆ ಈಗ್ಲಿಂದ ಕಲೀತಿರೋದು."

ಕಲಿತಳು. ಮೊದಲು ನನ್ನ ಹೂವಿನ ಮಂಕರಿ, ಕೋಟೆಯ ಕಲ್ಲು, ಬೀದಿಯ ಹಸು. ಆಮೇಲೆ ಸಾವಿನ ಮನೆಗಳು. ಕರೆಯದೇ ಹೋಗುತ್ತಿದ್ದಳು, ಆಮೇಲೆ ಕರೆಯತೊಡಗಿದರು. ಅದಕ್ಕೆ ಒಂದು ಕಾರಣವಾಯಿತು. ನಮ್ಮ ಬೀದಿಯಲ್ಲಿ ಶಿವಾಚಾರದ ಒಬ್ಬ ಅಜ್ಜಿ ತೀರಿಕೊಂಡಾಗ ಸೊಸೆ ಮೊಬೈಲ್ ತನ್ನ ಕಡೆಗೆ ತಿರುಗಿಸಿ, ತಾನೂ ಅತ್ತೆಯೂ ಕಾಣುವ ಹಾಗೆ ಹೊಡೆದಳು. ಪ್ರಿಂಟು ಹಾಕಿಸಿದರೆ ಎಲ್ಲ ಅದಲುಬದಲು, ಕನ್ನಡಿಯೊಳಗಿನ ಹಾಗೆ. ಲಿಂಗ ಬಲಗೈಯ ಮೇಲೆ! ಬೇರೆಯವರು ನೋಡಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಅವರ ಹಿರಿಯರು ನೋಡಿ ಹೌಹಾರಿದರು. ಇಂಥ ಫೋಟೋ ಗೋಡೆಗೆ ಹಾಕಿದರೆ ಮನೆಗೆ ಕೇಡು ಅಂದು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು. ಅಲ್ಲಿಂದ ಸಾವಿನ ಮನೆಗೆ ಮೊಬೈಲ್ ಬೇಡ, ಕಮಲಾಕ್ಷಮ್ಮನನ್ನು ಕರೆಯಿರಿ ಅನ್ನುವುದು ಬಂತು. ಐ.ಡಿ.ಹಳ್ಳಿಯವರೆಗೂ ಹೋಗಿ ಬಂದೆವು, ಆಯಮ್ಮ ಕ್ಯಾಮೆರಾ, ನಾನು ಹಾರ.

ಹೋದ ಮನೆಯಲ್ಲೆಲ್ಲ ಒಂದೇ ಮಾತು. "ಹೆಂಡ್ತಿ ಎಲ್ಲಿ? ಮೊದ್ಲು ಅವಳ್ನ ತಂದು ಕೂರಿಸ್ರಿ. ಅವಳು ಕೂರೋಗಂಟ ನಾನು ಒತ್ತಲ್ಲ." ಊರ ಗೌಡನಿರಲಿ, ಅಳಿಯನಿರಲಿ, ಎಬ್ಬಿಸಿ ಕಳಿಸುತ್ತಿದ್ದಳು. ಜನ ಅದನ್ನು ದೊಡ್ಡ ಮನಸ್ಸು ಅಂದರು. ಒಂದು ಮನೆಗೆ ಮಾತ್ರ ಈ ನಿಯಮ ಇಲ್ಲ ಅಂತ ನನಗೆ ಗೊತ್ತಿತ್ತು.

ಆ ಮನೆಯವನು ಹಾಸಿಗೆ ಹಿಡಿದ. ಮೂತ್ರಪಿಂಡ ಸೋತಿದೆ ಅಂದರು. ಸುದ್ದಿ ಕೇಳಿದ ದಿನ ಕಮಲಾಕ್ಷಮ್ಮ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಮಡಿಸೀರೆ ಉಟ್ಟು, ಮಣಿಕಟ್ಟಿಗೆ ಕ್ಯಾಮೆರಾ ಸಿಗಿಸಿಕೊಂಡು ನೋಡಲು ಹೊರಟಳು. ಜೊತೆಗೆ ನಾನು.

"ಹೆಂಗಿದೀರಿ ಭಾವನೋರೆ?"

ಚನ್ನಮಲ್ಲಯ್ಯ ಕ್ಯಾಮೆರಾ ನೋಡಿದ. ಮುಖದ ಬಣ್ಣ ಇಳಿಯಿತು. "ಅದ್ಯಾಕೆ ತಂದೆ ಇಲ್ಲಿಗೆ?"

"ಸುಮ್ನೆ. ಬೆಳಕು ನೋಡಾನ ಅಂತ." ಪಡಸಾಲೆಯಲ್ಲಿ ಆ ಕಡೆ ಈ ಕಡೆ ಓಡಾಡಿ, ಅವನಿಗೆ ಕೇಳುವಂತೆ ನನಗೆ ಹೇಳಿದಳು. "ಪುಟ್ಟಕ್ಕ, ಈ ಗೋಡೆ ಚೆನ್ನಾಗೈತೆ. ಕಿಟಕಿ ಬೆಳಕು ನೇರ ಮುಖಕ್ಕೆ ಬೀಳ್ತದೆ. ಒರಗಿಸಿ ಕಟ್ಟಕ್ಕೆ ಮೊಳೆನೂ ಐತೆ."

"ಪುಷ್ಪಾ! ಕಳ್ಸು ಇವಳ್ನ!" ಅವನು ಕೂಗಿದ.

"ಅರಚ್ಕೋಬ್ಯಾಡ್ರಿ, ಮುಖ ಸೊಟ್ಟಗೆ ನಿಂತೋಗ್ತದೆ. ನಾನೇನು ಅವಸರ ಮಾಡ್ತಿದೀನಾ?"

ಬೀದಿಗೆ ಬಂದ ಮೇಲೆ ನಾವಿಬ್ಬರೂ ಗೋಡೆಗೆ ಒರಗಿ ನಕ್ಕೆವು. ಪಾಪ ಅನ್ನುವವರು ಅನ್ನಲಿ. ಬಾಗಿಲವಾಡ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡವಳು ನಾನು. ಆ ನಗು ನನಗೆ ಹಬ್ಬದೂಟದ ಹಾಗೆ ರುಚಿಸಿತು. ಆಮೇಲೂ ಆಗಾಗ ಹೋಗಿ ಬಂದೆವು, ಬೆಳಕು ನೋಡಲು. ತಾನು ಸತ್ತರೆ ಎಡಗೈಯವಳು ಹೊಸ್ತಿಲು ದಾಟಕೂಡದು ಅಂತ ಅವನು ಮನೆಮಂದಿಗೆಲ್ಲ ಹೇಳಿಟ್ಟ ಅಂತ ಕೇಳಿದೆವು.

ಅವನು ಸತ್ತ ಬೆಳಿಗ್ಗೆ ಕಮಲಾಕ್ಷಮ್ಮನ ಬಾಗಿಲಿಗೆ ಬಂದವಳು ಪುಷ್ಪಾವತಿಯೇ. ನಾನು ಅಲ್ಲೇ ಇದ್ದೆ.

"ಬಾ ಕಮಲಾ. ನಿನ್ನ ಕರಿಯಕ್ಕೆ ಬಂದೆ."

"ಭಾವ ಬ್ಯಾಡ ಅಂದಿದ್ರಂತಲ್ಲಕ್ಕ."

"ಅವ್ರು ಅಂದಿದ್ರು. ನಾನು ಕರೀತಿದೀನಿ. ನಿನ್ನ ಫೋಟೋದಾಗೆ ಹೆಂಡ್ತೀರು ಕಾಣ್ತಾರಂತೆ. ನಮ್ಮನೆಯಾಗೆ ಮಗ, ಅಳಿಯ, ಮಂಡಿಯೋರು, ಎಲ್ಲಾ ಜಾಗ ಹಿಡ್ಕೊಂಡವ್ರೆ. ನನ್ನ ಯಾರೂ ಕೂತ್ಕೋ ಅನ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗೌರೀಶಪ್ಪ ಹೋದ ದಿನ ನಾನು ಎದ್ದು ನಿಂಗೆ ಜಾಗ ಕೊಡಿಸ್ಬೇಕಿತ್ತು. ಬಾಯಿ ಬರ್ಲಿಲ್ಲ. ಅದಕ್ಕೆ ನನ್ನ ಆಚೆ ನಿಲ್ಲಿಸ್ತೀಯ ಅಂದ್ರೆ ನಿಲ್ಲಿಸು. ಆದ್ರೆ ನೀನು ಬಾ."

ಕಮಲಾಕ್ಷಮ್ಮ ಇಷ್ಟು ವರ್ಷ ಯಾರನ್ನು ಬಾಗಿಲಲ್ಲಿ ನಿಲ್ಲಿಸಬೇಕು ಅಂತ ಕಾದಿದ್ದಳೋ ಅವಳು ತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು. ಎದ್ದಳು. "ದಾರ ಸಿಗಿಸು ಪುಟ್ಟಕ್ಕ" ಅಂದಳು.

ಅವನನ್ನು ಆಯಮ್ಮ ನೋಡಿಟ್ಟಿದ್ದ ಗೋಡೆಗೇ ಒರಗಿಸಿದ್ದರು. ಮೊಬೈಲುಗಳನ್ನೆಲ್ಲ ಹೊರಗಿಡಿಸಿದಳು. "ಲಿಂಗ ಬಲಗೈಗೆ ಹೋಗೋದು ಬೇಕಾ?" ಅಂದದ್ದೇ ತಡ, ಹಿರಿಯರೇ ಕಿತ್ತುಕೊಂಡರು. ಪುಷ್ಪಾವತಿಯನ್ನು ಗಂಡನ ಎಡಕ್ಕೆ ಕೂರಿಸಿದಳು. ನನಗೆ ಬೇಜಾರಾಯಿತು. ಇಷ್ಟೇನಾ, ಒಂದು ಸಲ ಮೂಗು ಒರೆಸಿಕೊಂಡದ್ದಕ್ಕೆ ಉಪ್ಪಿನಕಾಯಿ ಕೆಟ್ಟುಹೋಯಿತಾ ಅನ್ನಿಸಿತು. ಆಮೇಲೆ ಬಲಗಡೆ ಇದ್ದ ಪ್ರಸನ್ನ ಕುಮಾರನಿಗೆ, ಮಿಕ್ಕವರಿಗೆ, "ಎಲ್ಲಾ ನಿಮ್ಮಮ್ಮನ ಕಡೆ ಬನ್ರಪ್ಪ, ಆ ಕಡೆ ಕಿಟಕಿ ಬೆಳಕು ಹೊಡೀತದೆ" ಅಂದಳು. ಬಂದರು. ಕ್ಯಾಮೆರಾ ಬುಡಮೇಲು ಹಿಡಿದಳು. ಒಂದು ಒತ್ತಿದಳು. ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಒತ್ತಿದಳು.

ಕಾರ್ಯವೆಲ್ಲ ಮುಗಿದ ಮೇಲೆ ಪ್ರಿಂಟು ಆ ಮನೆಗೆ ಹೋಯಿತು. ಅದರಲ್ಲಿ ಪುಷ್ಪಾವತಿ ಇದ್ದಾಳೆ, ದೇವಿಯ ಹಾಗೆ ನಟ್ಟನಡುವೆ. ಮಗ, ಸೊಸೆ, ಮಗಳು, ಅಳಿಯ, ಮಂಡಿಯವರು, ಎಲ್ಲರೂ ಇದ್ದಾರೆ. ಅಂಚಿನಲ್ಲಿ ಒಂದು ಮೊಣಕಾಲು, ಒಂದು ಎಡಗೈ, ಅದರ ಮೇಲೆ ಲಿಂಗ. ಚನ್ನಮಲ್ಲಯ್ಯ ಇಲ್ಲ.

ಪುಷ್ಪಾವತಿ ಅದನ್ನು ಹಿಡಿದುಕೊಂಡು ಬಂದಳು. "ಅವರೆಲ್ಲಿ ಕಮಲಾ?"

"ಐತಲ್ಲಕ್ಕ, ಅವರ ಮೈಯಾಗೆ ಒಳ್ಳೇದು ಯಾವ್ದಿತ್ತೋ ಅದೊಂದು."

"ತಮಾಷೆ ಮಾಡ್ಬ್ಯಾಡ್ವೇ. ಮುಖ ಇರೋದು ಇನ್ನೊಂದು ಇಲ್ವಾ? ಎರಡು ಸಲ ಸದ್ದಾಯ್ತು, ನಾನು ಕೇಳಿಸ್ಕೊಂಡೆ."

"ಲಕ್ವ ಹೊಡ್ದೋಳ ಕೈ ಅಕ್ಕ. ನಡುಗ್ತು. ನೀವು ಕರ್ದಿದ್ದೇ ಎಡಗೈಯೋಳ್ನ, ಏನ್ಮಾಡಾನ?"

ಪುಷ್ಪಾವತಿ ಅವಳ ಕಣ್ಣನ್ನೇ ನೋಡಿದಳು. ಜಗಳಕ್ಕೆ ನಿಲ್ಲಲಿಲ್ಲ, ಹೊರಟುಹೋದಳು. ಆ ಫೋಟೋವನ್ನೇ ಗೋಡೆಗೆ ಹಾಕಿಸಿದಳು. ಹೊಸದಾಗಿ ಬಂದವರು ಈಗಲೂ ಕೇಳುತ್ತಾರಂತೆ, ಈ ಮೊಣಕಾಲು ಯಾರದು ಅಂತ.

ಆದರೆ ಮುಖ ಇತ್ತು. ಮೊದಲು ಒತ್ತಿದ್ದು ಸರಿಯಾಗಿಯೇ ಬಂದಿತ್ತು, ಗಂಡ, ಹೆಂಡತಿ, ಎಲ್ಲರೂ. ಅದನ್ನು ನನಗೆ ತೋರಿಸಿದಳು. ನೋಡುವಾಗ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುತ್ತಿದ್ದಳು. ಆಗ ಅವನು ತಲೆಕೆಳಗಾಗಿ ನೇತಾಡುತ್ತಿದ್ದ. ದಿನಾ ಸಂಜೆ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ, ಒಂದು ಸಲ ಅವನನ್ನು ನೋಡುವಳು. "ನೇತಾಡು ಭಾವ, ನೇತಾಡು" ಅನ್ನುವಳು. ಪುಷ್ಪಾವತಿ ಚೈತ್ರಳ ಕೈಲಿ ಮತ್ತೆ ಮತ್ತೆ ಕೇಳಿಸಿದಳು. "ದೊಡ್ಡಮ್ಮ ದಿನಾ ಆ ಕೈಗೆ ಕೈ ಮುಗೀತಾರಂತೆ ಅಮ್ಮ, ಮುಖ ಇದ್ರೆ ಕೊಡಬಾರ್ದಾ?" ಅಂದಳು ಚೈತ್ರ. ಇಲ್ಲ ಅಂದರೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಎಡಗೈಯೂ ಹೋಯಿತು. ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು, ಇನ್ನು ಊಟ ಸೇರಿದಷ್ಟು ದಿನ ಅಂತ. ಮಾತು ತೊದಲು, ಆದರೆ ನನಗೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಚೈತ್ರ ಗಂಜಿಗೆ ಇಡಲು ಒಳಗೆ ಹೋದಾಗ ಆಯಮ್ಮ ಕಣ್ಣಿನಲ್ಲೇ ಗೋಡೆಯ ಗೂಡು ತೋರಿಸಿದಳು. ಕ್ಯಾಮೆರಾ ತಂದೆ. ಮುಖದ ಮುಂದೆ ನೆಟ್ಟಗೆ ಹಿಡಿದೆ. ನೋಡಿದಳು. ತುಟಿಯ ಒಂದು ಕೊನೆ ನಕ್ಕಿತು.

"ನಾನೋದ್ಮೇಲೆ ಇವಳು ಕೊಟ್ಬುಡ್ತಾಳೆ" ಅಂದಳು, ಅಡಿಗೆಮನೆಯ ಕಡೆ ಕಣ್ಣು ಹೊರಳಿಸಿ. "ಇವಳದು ಅವರಪ್ಪನ ಮನಸ್ಸು. ಕೇಳಿದ್ರೆ ಕರಗ್ತಾಳೆ."

"ಕೊಡ್ಲಿ ಬುಡಿ ಅಮ್ಮಾವ್ರೆ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ, ಸಾಯುವವರ ಹತ್ತಿರ ಹಾಗೆ ಅನ್ನಬೇಕು ಅಂತ ಅಂದಿರಬೇಕು.

ಆಯಮ್ಮ ನನ್ನನ್ನು ದುರುಗುಟ್ಟಿ ನೋಡಿದಳು.

"ಕೆಳಗೆ ಕಸದ ಬುಟ್ಟಿ ಚಿತ್ರ ಇರೋ ಗುಂಡಿ ಐತೆ" ಅಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಒಂದ್ಸಲ ಒತ್ತಿದ್ರೆ ಅಳಿಸ್ಲಾ ಅಂತ ಕೇಳ್ತದೆ. ಇನ್ನೊಂದ್ಸಲ ಒತ್ತಬೇಕು. ನಂಗೆ ಕೈಯಿಲ್ಲ ಪುಟ್ಟಕ್ಕ. ನೀನು ಒತ್ತು, ನಾನು ನೋಡ್ಬೇಕು."